ಶ್ಯಾವಿಗೆ ಯಂತ್ರದ ಹೊಟ್ಟೆ

ಎರವಲು ತಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಒಳ್ಳೆಯದೇ. ಆದರೆ ಮರ್ಯಾದೆಗೆ ಕಣ್ಣಿರುವುದಿಲ್ಲ. ಎಲ್ಲಿ ತುಂಬಬೇಕು, ಎಲ್ಲಿ ತುಂಬಬಾರದು ಎಂದು ಅದಕ್ಕೆ ಕಾಣದು. ನಾನು ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು. ಈ ಮಾತನ್ನು ಮಾತ್ರ ಶ್ಯಾವಿಗೆ ಯಂತ್ರದಿಂದ ಕಲಿತೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತಡಸದ ನಮ್ಮ ಓಣಿಗೆ ಅದನ್ನು ತಂದವಳು ನಾನೇ. ಮೇಲಿನ ಬಾಯಿಗೆ ಕಣಕ ಹಾಕಿ ಹಿಡಿಕೆ ತಿರುಗಿಸಿದರೆ ಕೆಳಗೆ ಒಂದೇ ಸಮನಾದ ಎಳೆಗಳು. ಕೈಯಿಂದ ಹೊಸೆದಾಗ ದಪ್ಪ ತೆಳುವಾಗುತ್ತಿದ್ದದ್ದೆಲ್ಲ ಇದರಲ್ಲಿ ಸಾಲಿಗೆ ನಿಂತಿತು. ಬೇಸಿಗೆಯಿಡೀ ಮನೆಯಿಂದ ಮನೆಗೆ ಸುತ್ತಿದರೂ ಎಲ್ಲಿಯೂ ತಕರಾರಿಲ್ಲ. ಗಂಗವ್ವನ ಮನೆಯಲ್ಲಿ ಮಾತ್ರ ಹಿಡಿಕೆಯ ಪಿನ್ನು ಮುರಿಯಿತು. ಹೊಸದು ಹಾಕಿಸಿದೆ. ಮರುವರ್ಷ ಅದೇ ಮನೆ, ಅದೇ ಪಿನ್ನು.

ಎರಡೂ ಸಲ ತಿರುಗಿಸಿದವಳು ಗಂಗವ್ವನ ಸೊಸೆ ಶಾಂತವ್ವ. ಯಂತ್ರ ಬಂದ ವರ್ಷವೇ ಅವಳೂ ಮದುವೆಯಾಗಿ ಬಂದಿದ್ದಳು. ಅತ್ತೆಗೆ ಅಷ್ಟೇ ಸಾಕಾಯಿತು.

"ಇಕಿ ಕೈಗುಣಾನ ಸರಿ ಇಲ್ಲ. ಕಬ್ಬಿಣಾನೂ ತಡಕೊಳ್ಳಂಗಿಲ್ಲ. ಈ ವಾರದಾಗ ಹಾನಗಲ್ಲಿಗೆ ತವರಮನಿಗೆ ಬಿಟ್ಟ ಬರ್ತೇನಿ. ಅವರ ಇಟ್ಕೊಳ್ಳಲಿ."

ಶಾಂತವ್ವ ಮುರಿದ ತುಂಡನ್ನು ಹಿಡಿದುಕೊಂಡು ನಿಂತಿದ್ದಳು. 

ಕನಿಕರ ಬಂತೆಂದು ಸುಳ್ಳು ಹೇಳುವುದಿಲ್ಲ, ಸಿಟ್ಟು ಬಂತು. ಯಂತ್ರ ನನ್ನದು, ಅದರ ರೋಗ ನನಗೆ ಗೊತ್ತಾಗಬೇಕು. ಬಿಚ್ಚಿ ನೋಡಿದೆ. ಅವರ ಕಣಕ ಮೆತ್ತಗಿತ್ತು, ಅದರ ಕೆಳಗೆ ಕಲ್ಲಿನಂಥ ಹಿಟ್ಟಿನ ಉಂಡೆ ಕಚ್ಚಿಕೊಂಡಿತ್ತು. ಗಂಗವ್ವನಿಗಿಂತ ಮೊದಲು ಯಂತ್ರ ಒಯ್ದಿದ್ದ ಪಕ್ಕದ ಮನೆಯವಳನ್ನು ಕೇಳಿದೆ.

"ಬರೇ ಹೊಟ್ಟಿಲೆ ಹ್ಯಾಂಗ ಕಳಸೋದ, ಯಕ್ಕಾ? ಎಲ್ಲಾರೂ ಒಂದ ಉಂಡಿ ಇಟ್ಟ ಕಳಸ್ತೇವಿ."

ಮಾರನೆಯ ದಿನವೇ ಯಂತ್ರ ತಿರುಗಿದರೆ ಹಸಿ ಉಂಡೆ ಹೊರಗೆ ಬಂದುಬಿಡುತ್ತಿತ್ತು. ಅಮಾವಾಸ್ಯೆಗೆ ಮಾತ್ರ ಯಾರೂ ಶ್ಯಾವಿಗೆ ಹಾಕುವುದಿಲ್ಲ. ಆ ದಿನ ಉಂಡೆ ಒಳಗೇ ಒಣಗುತ್ತಿತ್ತು. ಗಂಗವ್ವನೋ, ಅಮಾವಾಸ್ಯೆ ಮುಗಿದ ಪಾಡ್ಯವೇ ಶುಭವೆಂದು ಹಟ ಹಿಡಿದು ಒಯ್ಯುವವಳು!

ಸುಮ್ಮನೆ ರಿಪೇರಿ ಮಾಡಿಸಿದರೆ ಪಿನ್ನು ಉಳಿದೀತು, ಹುಡುಗಿಯ ಹೆಸರು ಉಳಿಯದು. ಮುರಿದದ್ದನ್ನು ಮುರಿದ ಹಾಗೆಯೇ ಇನ್ನೊಮ್ಮೆ ಮುರಿದು ತೋರಿಸಬೇಕು. ಶಿಗ್ಗಾವಿಯ ಲೇತ್ ಅಂಗಡಿಯಲ್ಲಿ ಎರಡು ಪಿನ್ನು ಮಾಡಿಸಿದೆ, ಒಂದು ಮುರಿಯಲಿಕ್ಕೆಂದೇ. ಒಂದನ್ನು ಹಾಕಿ, ಹೊಟ್ಟೆಗೆ ಉಂಡೆ ತುಂಬಿ, ಮಾಳಿಗೆಯ ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಗಂಗವ್ವನ ಮುಂದೆ ಒಯ್ದು ಇಳಿಸಿದೆ.

"ಸೊಸಿ ಬ್ಯಾಡ. ನೀನ ತಿರುಗಿಸು."

ಮೇಲೆ ಮೆತ್ತನೆ ಕಣಕ ಹಾಕಿ ಜೋರಾಗಿಯೇ ತಿರುಗಿಸಿದಳು. ಕಟ್ ಎಂದಿತು.

"ಈಗ ಯಾರ ಕೈಗುಣ, ಗಂಗವ್ವಾ?"

"ಅಯ್ಯ, ಒಳಗ ಏನರ ಇಟ್ಟಿರಬೇಕ ನೀ!"

"ಹೌದ. ಓಣ್ಯಾಗ ಎಲ್ಲಾರೂ ಇಡೋದನ್ನ ಇಟ್ಟೇನಿ."

ಬಿಚ್ಚಿ ಉಂಡೆ ತೋರಿಸಿದೆ. ತೊಳೆದು, ಎರಡನೆಯ ಪಿನ್ನು ಹಾಕಿ, ಹಿಡಿಕೆಯನ್ನು ಶಾಂತವ್ವನ ಕೈಗೆ ಕೊಟ್ಟೆ. ಅವಳು ತಿರುಗಿಸಿದಳು. ಎಳೆಗಳು ಒಂದೇ ಸಮನೆ ಇಳಿದವು, ಪಿನ್ನು ಮುರಿಯಲಿಲ್ಲ.

ಗಂಗವ್ವ ತಪ್ಪಾಯಿತೆನ್ನಲಿಲ್ಲ. ಹಾನಗಲ್ಲಿನ ಮಾತನ್ನೂ ಮತ್ತೆ ಎತ್ತಲಿಲ್ಲ. ಸಂಜೆ ಶಾಂತವ್ವ ಯಂತ್ರ ತಂದುಕೊಟ್ಟಳು. ಹೊಟ್ಟೆ ಸ್ವಚ್ಛ, ಹಿಡಿಕೆಗೆ ಬಟ್ಟೆಯಲ್ಲಿ ಒಂದು ಚೂರು ಬೆಲ್ಲ ಕಟ್ಟಿತ್ತು. ಅಲ್ಲಿಂದ ಮುಂದೆ ಓಣಿಯವರೆಲ್ಲ ಹಾಗೆಯೇ ಕಟ್ಟಿದರು. ಮರುವರ್ಷವೂ ಗಂಗವ್ವ ಪಾಡ್ಯಕ್ಕೇ ಒಯ್ದಳು. ಆದರೆ ಸೊಸೆಯ ಮುಖ ನೋಡುವ ಮೊದಲು ಯಂತ್ರದ ಬಾಯಲ್ಲಿ ಇಣುಕಿ ನೋಡಿದಳು. ಮನುಷ್ಯರು ಬದಲಾಗುವುದು ಅಷ್ಟೇ. ಅಷ್ಟಾದರೂ ಸಾಕು.