ಬಾಯಿ ಮುಚ್ಚಿಕೊಂಡಾಗ ಕೇಳಿದ ಹಾಜರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಗಾಳಿ, ಸೋಂಕು, ಕಾಣದ ದನಿ ಎಂದವರಿಗೆ ಹೊಟ್ಟೆ ಕೆಟ್ಟಿರಬೇಕು ಎನ್ನುತ್ತಿದ್ದೆ. ಆದ್ದರಿಂದ ಈಗ ನಾನು ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೇ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ದೇವರ ಹಿಪ್ಪರಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಒಂದನೆಯ ಇಯತ್ತೆಯ ಮಾಸ್ತರ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಚಳಿಗಾಲದ ಒಂದು ಮುಂಜಾನೆ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ಸೋರಿ ಅಂಗಿ ತೊಯ್ದಿತು. ಎಡಗಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು. "ಲಕ್ವಾ ಹೊಡದೈತಿ" ಎಂದರು ಜನ. ಒಬ್ಬರು ಪಾರಿವಾಳದ ರಕ್ತ ಸವರಲು ಹೇಳಿದರು, ಇನ್ನೊಬ್ಬರು ತಾಯಿತ ತಂದರು.

ಮುಖ ಹೋದರೆ ಹೋಗಲಿ, ತುಟಿ ಕೂಡುತ್ತಿರಲಿಲ್ಲ. ತುಟಿ ಕೂಡದೆ ಪ ಫ ಬ ಭ ಮ ಹುಟ್ಟುವುದಿಲ್ಲ. ಅಕ್ಷರ ಕಲಿಸುವವನ ಬಾಯಿಂದ ಒಂದು ಸಾಲೇ ಹೋಗಿಬಿಟ್ಟಿತು. ಹಾಜರಿ ಹಿಡಿದು ಬಸವಂತನ ಹೆಸರು ಕರೆದರೆ ಬರೀ ಗಾಳಿ ಹೊರಟಿತು, ಮಕ್ಕಳು ನಕ್ಕರು. ಹೆಡ್‌ಮಾಸ್ತರರು ಒಳ್ಳೆಯವರೇ. "ಎರಡು ತಿಂಗಳ ರಜಾ ತಗೊಳ್ರಿ. ಅಷ್ಟರಾಗ ಮಾತು ನೆಟ್ಟಗಾಗಲಿಲ್ಲಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ರಿ" ಎಂದರು.

ಮುದ್ದೇಬಿಹಾಳದಲ್ಲಿ ನನ್ನ ಅಕ್ಕನ ಮನೆಯಿತ್ತು. ರಜೆ ಹಾಕಿ ಅಲ್ಲಿಗೆ ಹೋದೆ. ಅಲ್ಲಿಂದ ಎರಡು ಓಣಿ ದಾಟಿದರೆ ಹುಸೇನಸಾಬರ ಮನೆ. ಯುದ್ಧದ ಕಾಲದಲ್ಲಿ ಪುಣೆಯ ಕಡೆ ಗಾಯಾಳುಗಳ ಆಸ್ಪತ್ರೆಯಲ್ಲಿ ಕೈಕಾಲಿಗೆ, ಮುಖಕ್ಕೆ ವ್ಯಾಯಾಮ ಮಾಡಿಸುವ ಕೆಲಸ ಕಲಿತು ಬಂದವರು. ದಿನಾ ಬಿಸಿನೀರಿನ ಅರಿವೆ ಹಿಡಿದು, ಗದ್ದದಿಂದ ಕಿವಿಯತ್ತ ಮೇಲ್ಮುಖವಾಗಿ ಬೆರಳಾಡಿಸಿ, ಆಮೇಲೆ ಬ್ಯಾಟರಿ ಪೆಟ್ಟಿಗೆಯ ಎರಡು ತಂತಿಗಳಿಗೆ ಒದ್ದೆ ಅರಿವೆ ಸುತ್ತಿ ಕೆನ್ನೆಗೆ ಹಚ್ಚುತ್ತಿದ್ದರು. ಇರುವೆ ಕಚ್ಚಿದಂತಾಗಿ ಕೆನ್ನೆ ತಾನೇ ಹಾರುತ್ತಿತ್ತು. ತಂತಿ ತೆಗೆದರೆ ಮತ್ತೆ ಸತ್ತಂತೆ. ಕೊನೆಗೆ ಕನ್ನಡಿಯ ಮುಂದೆ ಕೂಡ್ರಿಸಿ ಹುಬ್ಬು ಏರಿಸು, ಗಲ್ಲ ಉಬ್ಬಿಸು, ಸೀಟಿ ಹೊಡೆ, ಪ ಫ ಬ ಭ ಮ ಅನ್ನು.

"ಅವಸರ ಮಾಡಬ್ಯಾಡ್ರಿ ಮಾಸ್ತರ. ನರಾ ನಿದ್ದಿ ಮಾಡಾಕತ್ತೈತಿ, ಸತ್ತಿಲ್ಲ" ಎನ್ನುತ್ತಿದ್ದರು.

ಐದು ವಾರ ಕಳೆದರೂ ಒಂದು ಎಳೆಯಷ್ಟು ಚಲನೆಯಿಲ್ಲ. ನನಗೆ ಕೂತಲ್ಲಿ ಕೂಡ್ರಲಾಗುತ್ತಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೆರೆಯ ದಾರಿಯಲ್ಲಿ ಸುಮ್ಮನೆ ಹೋಗುವುದು, ಬರುವುದು. ದಿನಕ್ಕೆ ಹತ್ತು ಸಲ ಗಲ್ಲ ಮುಟ್ಟಿ ನೋಡುವುದು. ಅಕ್ಕ ಬಡಿಸಿದ ರೊಟ್ಟಿ ಬಿಟ್ಟು ಎದ್ದು ಹೋಗುವುದು.

ಅಂಥ ಒಂದು ಮಧ್ಯಾಹ್ನ. ಹುಸೇನಸಾಬರು ಬೇರೊಬ್ಬ ರೋಗಿಯನ್ನು ನೋಡಲು ತಂಗಡಗಿಗೆ ಹೋಗಿದ್ದರು. "ನಾ ಬರೂತನಾ ಕನ್ನಡಿ ಮುಂದ ಸಾಧನಾ ಮಾಡ್ರಿ" ಎಂದಿದ್ದರು. ಒಳಮನೆಯಲ್ಲಿ ಅವರ ತಾಯಿ ಬೀಬಮ್ಮ, ಕಣ್ಣು ಕಾಣದ ಮುದುಕಿ, ಒಬ್ಬರೇ ತೊಗರಿ ಹಸನು ಮಾಡುತ್ತಿದ್ದರು. ಪಡಸಾಲೆಯಲ್ಲಿ ನಾನೊಬ್ಬನೇ. ಇಪ್ಪತ್ತು ಸಲ ಪ ಎನ್ನಲು ಹೋಗಿ ಇಪ್ಪತ್ತು ಸಲವೂ ಗಾಳಿ ಸೋರಿತು. ಸಿಟ್ಟು ಬಂದು ಕನ್ನಡಿ ಬೋರಲು ಹಾಕಿ, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು ತಲೆ ತಗ್ಗಿಸಿ ಕೂತೆ.

ಆಗ ಬಾಗಿಲ ಹತ್ತಿರ, ನಿಂತ ಮನುಷ್ಯನ ಬಾಯಿಯ ಎತ್ತರದಲ್ಲಿ, ಒಂದು ದನಿ ಸ್ಪಷ್ಟವಾಗಿ ಹಾಜರಿ ಕರೆಯಿತು: "ಬಸವಂತಾ... ಮಲ್ಲವ್ವಾ... ಪೀರಾ... ಭೀಮರಾಯಾ... ಭಾಗೀರಥೀ..." ಪ್ರತಿ ಹೆಸರಿನ ತುದಿಯನ್ನು ಎಳೆದು ಕರೆಯುವುದು ನನ್ನದೇ ರೂಢಿ. ದನಿಯೂ ನನ್ನದೇ. ನನ್ನ ಕೈ ಬಾಯಿಯ ಮೇಲೆಯೇ ಇತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಎದ್ದು ಹೊರಗೆ ನೋಡಿದರೆ ಬಿಸಿಲು ಬಿದ್ದ ಓಣಿ ಖಾಲಿ.

ನನ್ನ ಭ್ರಮೆ ಎಂದುಕೊಳ್ಳುತ್ತಿದ್ದೆ. ಆದರೆ ಒಳಗಿನಿಂದ ಬೀಬಮ್ಮ ಕೂಗಿದರು: "ಯಪ್ಪಾ, ನೆಟ್ಟಗಾತಲ್ಲೋ ನಿನ್ನ ಮಾತು! ಎಷ್ಟ ಚಂದ ಅಂದಿ! ಇನ್ನೊಮ್ಮಿ ಅನ್ನು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಬಿಟ್ಟೇ ಅಕ್ಕನ ಮನೆಗೆ ಓಡಿದೆ.

ಮರುದಿನ ಹುಸೇನಸಾಬರ ಮುಖ ಬಿಗಿದುಕೊಂಡಿತ್ತು. "ನಮ್ಮವ್ವ ಸುಳ್ಳ ಹೇಳಾಕಿ ಅಲ್ರಿ. ಬಸವಂತನಿಂದ ಭಾಗೀರಥಿತನಾ ಎಲ್ಲಾ ಹೆಸರ ಕೇಳ್ಯಾಳ. ಒಬ್ರ ಇದ್ದಾಗ ಮಾತಾಡ್ತೀರಿ, ನನ್ನ ಮುಂದ ತೊದಲ್ತೀರಿ. ರಜಾದ ಸಲುವಾಗಿ ಈ ನಾಟಕ ಏನ್ರಿ?"

ನನಗೆ ಅಳು ಬಂತು. ನನ್ನ ಮಾತು ಅವರಿಗೆ ತಿಳಿಯದೆಂದು ಪಾಟಿಯ ಮೇಲೆ ಬರೆದು ತೋರಿಸಿದೆ: ನನ್ನ ವರ್ಗದಲ್ಲಿ ಭಾಗೀರಥಿ ಎಂಬ ಮಗುವೇ ಇಲ್ಲ. ಕರೆದವನು ನಾನಾಗಿದ್ದರೆ ಇಲ್ಲದ ಹೆಸರನ್ನು ಏಕೆ ಕರೆಯಲಿ? ಅವರು ಪಾಟಿ ಓದಿದರು. ಆಮೇಲೆ ನನ್ನ ಸತ್ತ ಕೆನ್ನೆಯ ಮೇಲೆ ಬೆರಳಿಟ್ಟು, "ಕೂಡ್ರಿ" ಎಂದಷ್ಟೇ ಹೇಳಿ ತಂತಿಗೆ ಅರಿವೆ ಸುತ್ತಿದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಎರಡು ವಾರಗಳ ನಂತರ ತುಟಿಯ ತುದಿ ಮೊದಲ ಸಲ ಅದುರಿತು. ಸೀಟಿ ಬಂತು, ಕಣ್ಣು ಮುಚ್ಚಿತು, ರಜೆ ಮುಗಿಯಲು ಎರಡು ದಿನ ಉಳಿದಾಗ ಬಸವಂತನ ಹೆಸರೂ ಬಂತು. ಹುಸೇನಸಾಬರು ಮಗುವಿನಂತೆ ಕುಣಿದಾಡಿದರು. ಬೀಬಮ್ಮ ಮಾತ್ರ, "ಆವತ್ತ ಅಂದಂಗ ಇನ್ನೂ ಆಗಿಲ್ಲ ನೋಡು" ಎಂದರು.

ಶಾಲೆಗೆ ಮರಳಿ ಹಾಜರಿ ಪುಸ್ತಕ ತೆರೆದೆ. ಕೊನೆಯಲ್ಲಿ ಹೆಡ್‌ಮಾಸ್ತರರ ಅಕ್ಷರದಲ್ಲಿ ಹೊಸ ಹೆಸರೊಂದಿತ್ತು: ಭಾಗೀರಥಿ. ಬಿಡುವಿನಲ್ಲಿ ಅವರನ್ನು ಕೇಳಿದೆ.

"ಇಂಡಿ ಕಡೆಯಿಂದ ಬಂದ ನೇಕಾರರ ಕೂಸರಿ. ಹೋದ ವಾರಷ್ಟ ಸಾಲಿಗೆ ಹಚ್ಚ್ಯಾರ. ಮನ್ಯಾಗ ಚಿನ್ನಿ, ಚಿನ್ನಿ ಅಂತಿದ್ರು, ಬ್ಯಾರೆ ಹೆಸರ ಇರಲಿಲ್ಲ. ಬರಕೊಳ್ಳೂಮುಂದ ನಾನ ಒಂದ ಹೆಸರ ಇಟ್ಟೇನಿ. ಯಾಕ್ರಿ, ಚಲೋ ಇಲ್ಲೇನು?"

ಚಲೋ ಇದೆ ಎಂದೆ. ಪಡಸಾಲೆಯಲ್ಲಿ ಆ ದನಿ ಕರೆದ ಮಧ್ಯಾಹ್ನ ಆ ಹೆಸರು ಇನ್ನೂ ಯಾರ ಮನಸ್ಸಿನಲ್ಲೂ ಇರಲಿಲ್ಲವೆಂದು ಅವರಿಗೆ ಹೇಗೆ ಹೇಳಲಿ? ನರದ ಕಾಯಿಲೆ ಕಿವಿಗೂ ತಟ್ಟುತ್ತದೆ ಎಂದು ಆಮೇಲೆ ಒಬ್ಬ ಡಾಕ್ಟರರು ನನಗೆ ವಿವರಿಸಿದರು. ಇರಬಹುದು. ಆದರೆ ಬೀಬಮ್ಮನ ಕಿವಿಗೆ ಯಾವ ಕಾಯಿಲೆಯೂ ಇರಲಿಲ್ಲ. ಎಷ್ಟು ಯೋಚಿಸಿದರೂ ಇದರಾಚೆ ನನ್ನ ಬುದ್ಧಿ ಹೋಗಿಲ್ಲ.

ಆ ಹುಡುಗಿ ನನ್ನ ವರ್ಗದಲ್ಲಿ ಇದ್ದಷ್ಟು ದಿನವೂ, ಅವಳ ಹೆಸರಿಗೆ ಬಂದಾಗ ನಾನು ಒಂದು ಕ್ಷಣ ತಡೆಯುತ್ತಿದ್ದೆ, ನನಗಿಂತ ಮೊದಲು ಬಾಗಿಲ ಕಡೆಯಿಂದ ಯಾರಾದರೂ ಕರೆದಾರು ಎಂದು.