ಕುಂಕುಮವಿಲ್ಲದ ಏರ್‌ಗನ್

ವಳಕಮದಿನ್ನಿಯ ಈರಭದ್ರ ಕಾಕಾ ಮಾತು ಆರಂಭಿಸುತ್ತಿದ್ದುದೇ ಬೆದರಿಕೆಯಿಂದ. ಬಸ್ಸು ತಡವಾದರೆ ಡ್ರೈವರನ ಕಾಲು ಮುರಿಯಬೇಕು, ಎಮ್ಮೆ ಒದ್ದರೆ ಅದರ ಕೋಡು ಕೀಳಬೇಕು, ಕರೆಂಟು ಹೋದರೆ ಕಂಬವನ್ನೇ ಕಡಿಯಬೇಕು. ಚಹಾ ತಡವಾದಾಗ ಹೆಂಡತಿ ಶರಣಮ್ಮ ಚಿಗವ್ವನಿಗೆ ದಿನವೂ ಒಂದೇ ಮಾತು: "ಗುಂಡ್ ಹಾಕಿ ಕೆಡವ್ತೀನಿ ನೋಡು ನಿನ್ನ." ಚಿಗವ್ವ ಲೋಟ ಕುಕ್ಕಿ, "ಮೊದ್ಲ ಚಾ ಕುಡೀರಿ, ಆಮ್ಯಾಲ ಕೆಡವೀರಂತ" ಎನ್ನುತ್ತಿದ್ದರು.

ಅವರ ಸಿಟ್ಟು ಮಾತಿನಲ್ಲೇ ಮುಗಿಯುತ್ತಿತ್ತೆಂದು ಹೇಳಲಾರೆ. ಕಾಲುವೆಯ ತೂಬಿನ ಬಳಿ ನೀರಿನ ಸರದಿಗಾಗಿ ಸಾಲಗುಂದದವನೊಬ್ಬನ ಭುಜವನ್ನು ಸಲಿಕೆಯಿಂದ ಸೀಳಿದ್ದರು. ಅವನು ತಿರುಗಿಸಿ ಕೊಟ್ಟ ಏಟಿನ ಗುರುತು ಕಾಕಾನ ಹುಬ್ಬಿನ ಮೇಲೆ ಉಳಿದಿತ್ತು. ಹೆಂಡತಿಯ ಮೇಲೆ ಕೈ ಎತ್ತಿದ್ದನ್ನು ಮಾತ್ರ ಪಕ್ಕದ ಮನೆಯವನಾದ ನಾನು ಎಂದೂ ನೋಡಿರಲಿಲ್ಲ. ನೋಡಿಲ್ಲವೆಂಬುದು ಸಾಕ್ಷ್ಯವಾಗದು ಎಂಬುದನ್ನು ಕಾಲೇಜಿನ ಚರ್ಚಾಕೂಟ ನನಗೆ ಕಲಿಸಿತ್ತು.

ಇಂಥವರನ್ನು ನಾನೇಕೆ ಹಚ್ಚಿಕೊಂಡೆನೆಂದು ಕೇಳುವವರಿದ್ದಾರೆ. ಹಿಂಸೆಯ ವಿರುದ್ಧ ನಾನು ನಡೆಸುತ್ತಿದ್ದ ಸಭೆಗಳಿಗೆ ತಪ್ಪದೆ ಬಂದು ಎದುರಿಗೇ ಕುಳಿತು ವಾದಿಸುತ್ತಿದ್ದವರು ಅವರೊಬ್ಬರೇ. "ತಮ್ಮಾ, ಅಹಿಂಸಾ ಅಂದ್ರ ಹೆಗ್ಗಣಕ್ಕ ತಿಳಿತೈತೇನು? ನಿನ್ನ ಭಾಷಣ ಕೇಳಿ ಭತ್ತದ ಚೀಲ ಹರಿಯೂದು ಬಿಡ್ತೈತೇನು?" ಸಭೆ ನಗುತ್ತಿತ್ತು. ಅವರು ನಗುತ್ತಿರಲಿಲ್ಲ, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು.

ಆ ಹೆಗ್ಗಣಗಳಿಗಾಗಿಯೇ ಅವರು ಏರ್‌ಗನ್ ತಂದಿದ್ದು. ಆಯುಧಪೂಜೆಯಂದು ಸಲಿಕೆ, ಕುಡುಗೋಲು, ಔಷಧ ಹೊಡೆಯುವ ಪಂಪುಗಳ ಸಾಲಿನಲ್ಲಿ ಅದಕ್ಕೂ ಎಣ್ಣೆ ಸವರಿ, ವಿಭೂತಿ ಬಳಿದು, ಬೆರಳಿಡುವ ಕುದುರೆ ಮತ್ತು ಲಾಕಿನ ಮೇಲೆ ಕುಂಕುಮ ಹಚ್ಚುತ್ತಿದ್ದರು.

ಒಂದು ಸುಗ್ಗಿಯ ಮಧ್ಯಾಹ್ನ ಕಾಕಾ ಗುಂಡು ತುಂಬಿ, ಲಾಕ್ ಹಾಕಿ, ಬಂದೂಕಿನ ಹಿಂಬದಿಯನ್ನು ಅಂಗಳದ ಕಲ್ಲಿಗೆ ಊರಿದರಂತೆ. ಊರಿದ ಏಟಿಗೇ ಅದು ಹಾರಿತು. ಭತ್ತ ಕೇರುತ್ತಿದ್ದ ಚಿಗವ್ವ ಮೊರದ ಮೇಲೆಯೇ ಕವುಚಿಬಿದ್ದರು. ಸೀಸದ ಗುಂಡು ಕಿವಿಯ ಕೆಳಗೆ ಕುತ್ತಿಗೆಯೊಳಗೆ ಇಳಿದಿತ್ತು. ಕೂಗು ಕೇಳಿ ನಾನು ಓಡಿದಾಗ ಕೆಂಪಾದ ಭತ್ತದ ನಡುವೆ ಕಾಕಾ ಅವರನ್ನು ಎತ್ತಿಕೊಳ್ಳುತ್ತಿದ್ದರು. ಸಿಂಧನೂರಿನ ಆಸ್ಪತ್ರೆಯವರೆಗೂ ಆಟೋದಲ್ಲಿ ಗಾಯವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಜೀವ ಉಳಿಯಿತು. ಕುತ್ತಿಗೆ ಮಾತ್ರ ಮತ್ತೆ ಬಲಕ್ಕೆ ಹೊರಳಲಿಲ್ಲ.

ಕೇಳಿದವರಿಗೆ ಚಿಗವ್ವ ಇದ್ದದ್ದನ್ನೇ ಹೇಳಿದರು: "ಅವ್ರು ನನ್ನ ಬೆನ್ನ ಹಿಂದ ಇದ್ರು. ನಾ ನೋಡಿಲ್ಲ." ಕಾಕಾನ ನಿತ್ಯದ ಬೆದರಿಕೆಯನ್ನು ಊರೆಲ್ಲ ಕೇಳಿತ್ತು, ಊರು ಅಂದೇ ತೀರ್ಪು ಕೊಟ್ಟಿತು. ಮಸ್ಕಿಯಿಂದ ಬಂದ ಚಿಗವ್ವನ ಅಣ್ಣಂದಿರು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲೇ ಕಾಕಾನನ್ನು ಕೆಡವಿ ಬೆಲ್ಟಿನಿಂದ, ಚಪ್ಪಲಿಯಿಂದ ಹೊಡೆದರು. ಒಂದೇಟಿಗೆ ಎರಡೇಟು ಕೊಡುತ್ತಿದ್ದ ಮನುಷ್ಯ ಅಂದು ಕೈ ಎತ್ತಲಿಲ್ಲ. ಪಕ್ಕೆಲುಬಿಗೆ ಒದೆ ಬೀಳುತ್ತಿದ್ದರೂ ಒಂದೇ ಮಾತು: "ನಾ ಹೊಡ್ದಿಲ್ಲೋ. ತಾನಾ ಹಾರೈತಿ."

ತಂಗಿಯನ್ನು ಅವರು ತವರಿಗೆ ಕರೆದೊಯ್ದರು. ನಾನು ಮಸ್ಕಿಗೆ ಹೋಗಿ ಚಿಗವ್ವನೊಂದಿಗೆ ವಾದಿಸಿದೆ. ಅವರು ಶಾಂತವಾಗಿ ಕೇಳಿ ಹೇಳಿದರು: "ಗುಂಡ್ ಹಾಕ್ತೀನಿ ಅಂತ ಆವತ್ತು ಮುಂಜಾನೀನೂ ಅಂದಿದ್ರಪ್ಪಾ. ನಾ ಹೆಂಗ ನಂಬ್ಲಿ? ಬಂದೂಕು ಮಾಡಿದವ್ರು ಹೇಳ್ಲಿ, ಅದರದಾ ತಪ್ಪು ಅಂತ. ಬರ್ತೀನಿ."

ಹೀಗೆ ಒಂದು ಸಂಸಾರದ ಗತಿ ಕಂಪನಿಯ ಗ್ರಾಹಕ ಸೇವೆಯವರ ಬಾಯಿಗೆ ಬಿತ್ತು. ನಾನು ಫೋನ್ ಮಾಡುತ್ತಿದ್ದೆ. ಕಾಕಾ ಸ್ಪೀಕರಿಗೆ ಕಿವಿಗೊಟ್ಟು ಕೂರುತ್ತಿದ್ದರು. ಬಹಳ ಹೊತ್ತು ಸಂಗೀತ, ಆಮೇಲೆ ಹಿಂದಿಯಲ್ಲಿ ಒಂದು ಮೃದು ದನಿ: ಲಾಕ್ ಹಾಕಿದ್ದು ನಿಮಗೆ ಖಚಿತವೇ? ಅರ್ಥವಾದೊಡನೆ ಕಾಕಾ ಫೋನ್ ಕಿತ್ತುಕೊಂಡರು. "ಏ ತಂಗಿ, ನಿಮ್ಮ ಆಫೀಸಿಗೆ ಬೆಂಕಿ ಹಚ್ತೀನಿ ಅಂತ ನಿಮ್ಮ ಮಾಲಕಗ ಹೇಳು!" ಕರೆ ಕಡಿದುಹೋಯಿತು.

"ಕಾಕಾ, ತರ್ಕದಿಂದ ಗೆಲ್ಲೋಣ" ಎಂದೆ.

"ಗೆಲ್ಲು. ನಾ ಬಾಯಿ ಮುಚ್ಕೊಂಡು ಕುಂದರ್ತೀನಿ." ಟವೆಲಿನ ತುದಿಯನ್ನು ನಿಜವಾಗಿಯೂ ಬಾಯಿಗೆ ತುರುಕಿಕೊಂಡರು.

ನಾನು ಕಳಿಸಿದ ಫೋಟೋ ನೋಡಿದ ಕಂಪನಿಯವರು ಪೂಜೆಯ ಎಣ್ಣೆ, ಕುಂಕುಮಗಳಿಂದಲೇ ಲಾಕ್ ಕೆಟ್ಟಿದೆ ಎಂದರು. ಬಂದೂಕನ್ನು ತರಿಸಿಕೊಂಡು, ತೊಳೆದು, ಈಗ ಯಾವ ದೋಷವೂ ಇಲ್ಲವೆಂದು ಮರಳಿಸಿದರು. "ಕಂಪನೀನ ಹೇಳೈತಿ, ಬಂದೂಕು ಚಲೋ ಐತಂತ" ಎಂದು ಅಣ್ಣಂದಿರು ಸಾರಿಕೊಂಡು ತಿರುಗಿದರು. ಹಿಂಸೆಯ ಮೂಲ ಕೋಪವೆಂದು ನಾನು ಅದುವರೆಗೆ ವಾದಿಸುತ್ತಿದ್ದೆ. ಕೋಪವೇ ಇಲ್ಲದೆ, ಸಂಗೀತ ಕೇಳಿಸುತ್ತಲೇ ಮನುಷ್ಯನನ್ನು ಹೊಡೆದು ಕೆಡವಬಹುದೆಂದು ಆ ಕರೆಗಳು ತೋರಿಸಿಕೊಟ್ಟವು.

ಆ ವರ್ಷದ ಆಯುಧಪೂಜೆಯಲ್ಲಿ ಕಾಕಾ ಎಲ್ಲಕ್ಕೂ ಕುಂಕುಮವಿಟ್ಟು ಏರ್‌ಗನ್ನನ್ನು ಮಾತ್ರ ಬರಿಯ ಹಗ್ಗದ ಹೊರಸಿನ ಮೇಲೆ ದೂರವಿಟ್ಟರು. ಮುಟ್ಟುವ ಮೊದಲು ಕೈಯ ಎಣ್ಣೆಯನ್ನೂ ತೊಳೆದುಕೊಂಡಿದ್ದರು. "ಸಾಕ್ಷಿ ಹೇಳೋ ಬಂದೂಕಿಗೆ ಪೂಜಿ ಇಲ್ಲ, ತಮ್ಮಾ. ಮತ್ತ ಎಣ್ಣಿದಾ ತಪ್ಪು ಅಂತಾರ ಆ ಬಾಡ್ಯಾಗೋಳು."

ಕೆಲವು ದಿನಗಳ ಬಳಿಕ ಅಣ್ಣಂದಿರನ್ನು ಕಾಕಾನ ಅಂಗಳಕ್ಕೆ ಕರೆಸಿದೆ. ತೌಡಿನ ಚೀಲವನ್ನು ಗುರಿಯಾಗಿಟ್ಟು, ಎಲ್ಲರನ್ನೂ ಹಿಂದೆ ನಿಲ್ಲಿಸಿ, ಮೊಬೈಲಿನಲ್ಲಿ ಚಿತ್ರೀಕರಿಸತೊಡಗಿದೆ. ಕಾಕಾ ಗುಂಡು ತುಂಬಿ, ಲಾಕ್ ತೋರಿಸಿ, ಹಿಂಬದಿಯನ್ನು ಕಲ್ಲಿಗೆ ಕುಟ್ಟಿದರು. ಹಾರಲಿಲ್ಲ. ಮತ್ತೆ ಕುಟ್ಟಿದರು. ಹಾರಲಿಲ್ಲ. ಮೂರನೆಯ ಸಲಕ್ಕೆ ಎತ್ತಿದರು.

"ನಾಟಕಾ ಮಾಡಾಕತ್ತಾನ, ಸುಳ್ಳ ಬಾಡ್ಯಾ!" ಹಿರಿಯಣ್ಣ ಬಸವರಾಜ ನುಗ್ಗಿ ಬಂದೂಕು ಕಸಿದುಕೊಂಡ. "ಹಿಂಗ ಕುಟ್ಟಿದ್ಯೇನಲೇ? ಹಿಂಗ?" ಸಿಟ್ಟಿನಿಂದ ಕಲ್ಲಿಗೆ ಅಪ್ಪಳಿಸಿದ. ನಳಿಗೆ ಹೊರಳಿತು. ಸದ್ದಾಯಿತು.

ಕಾಕಾ ಕೆನ್ನೆ ಹಿಡಿದುಕೊಂಡು ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕುಳಿತರು. ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಹರಿಯುತ್ತಿತ್ತು. ಬಸವರಾಜನ ಮುಖ ಬಿಳಿಚಿಕೊಂಡಿತ್ತು. "ನಾ ಹೊಡ್ದಿಲ್ರೀ! ಲಾಕ್ ಹಾಕಿತ್ತು, ನೋಡ್ರೀ! ತಾನಾ ಹಾರೈತ್ರೀ, ತಾನಾ..." ಹೇಳುತ್ತಿದ್ದ ಹಾಗೆ ತನ್ನ ಮಾತು ತನಗೇ ಕೇಳಿಸಿರಬೇಕು, ಬಂದೂಕನ್ನು ಮೆಲ್ಲಗೆ ನೆಲಕ್ಕಿಟ್ಟ.

ಕಾಕಾ ಒಂದು ಹಲ್ಲನ್ನು ರಕ್ತದೊಂದಿಗೆ ಉಗುಳಿದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ. "ಅದನ್ನಾ ನಿನ್ನ ತಂಗಿ ಮುಂದ ಹೇಳು, ನಡಿಯಲೇ."

ಬಸವರಾಜ ಹೇಳಿದ. ಸಂಜೆಯೊಳಗೆ ಚಿಗವ್ವ ಆಸ್ಪತ್ರೆಗೆ ಬಂದು ಮಂಚದ ಬಳಿ ನಿಂತು, "ಚಾ ತರ್ಲೇನು? ತಡಾ ಆದೀತು ಮತ್ತ" ಎಂದರು. ಹೊಲಿಗೆ ಹಾಕಿದ್ದ ಬಾಯಿಂದ ಮಾತು ಹೊರಡದೆ ಕಾಕಾ ಬೆರಳನ್ನು ಬಂದೂಕಿನಂತೆ ಎತ್ತಿದರು; ಅರ್ಧಕ್ಕೇ ಮಡಚಿಕೊಂಡರು. ಆ ಬೆದರಿಕೆಯನ್ನು ಅವರು ಮತ್ತೆಂದೂ ಹಾಕಲಿಲ್ಲ.

ನನ್ನ ವಿಡಿಯೋಗೆ ಕಂಪನಿಯ ಉತ್ತರ ಬಂತು: ಬಂದೂಕನ್ನು ನೆಲಕ್ಕೆ ಕುಟ್ಟಬಾರದು, ದೂರು ಮುಕ್ತಾಯವಾಗಿದೆ.

ಕಳೆದ ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ತೀರಿಕೊಂಡರು. ಈ ಸಲದ ಆಯುಧಪೂಜೆಗೆ ಹೋದಾಗ ಚಿಗವ್ವ ಸಲಿಕೆ, ಕುಡುಗೋಲು, ಪಂಪುಗಳಿಗೆ ಕುಂಕುಮವಿಡುತ್ತಿದ್ದರು. ಏರ್‌ಗನ್ ಅದೇ ಬರಿಯ ಹೊರಸಿನ ಮೇಲಿತ್ತು.

"ಇನ್ನೂ ಯಾಕ, ಚಿಗವ್ವ? ನೀವು ನಂಬಿದ್ರಲ್ಲ."

"ನಾ ನಂಬೀನಿ. ಕಂಪನಿಯವ್ರು ಒಪ್ಪಿಲ್ಲಲ್ಲ?" ಹೊರಳದ ಕುತ್ತಿಗೆಯಿಂದಾಗಿ ಇಡೀ ಮೈಯನ್ನೇ ನನ್ನತ್ತ ತಿರುಗಿಸಿ ಕೈ ಚಾಚಿದರು. "ಫೋನ್ ಹಚ್ಚು."

ಹಚ್ಚಿದೆ. ಸಂಗೀತ ಮುಗಿದು ಮೃದು ದನಿ ಬಂತು. ಚಿಗವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡರು.

"ಏ ತಂಗಿ, ಈ ಸಲ ಫೋನ್ ಇಟ್ಟಿ ಅಂದ್ರ ಕಾಲ್ ಮುರೀತೀನಿ ನೋಡು. ನಾ ಈರಭದ್ರಪ್ಪನ ಹೇಂತಿ ಮಾತಾಡಾಕತ್ತೀನಿ."