ನನ್ನ ಬದಲು ಹೋದ ಮಶಿನ್

ನಮ್ಮ ಮನೆಯಲ್ಲಿ ಯಂತ್ರಗಳಲ್ಲಿ ಎರಡು ಜಾತಿ. ಹೊಸಿಲ ಹೊರಗೆ ಓಡುವಂಥದ್ದು ಅಗತ್ಯ, ಒಳಗೆ ತಿರುಗುವಂಥದ್ದು ಶೋಕಿ. ನಾನು ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಹೊರಗೆ ಪಂಪು ಬಂತು, ಔಷಧಿ ಹೊಡೆಯುವ ಮೋಟಾರು ಬಂತು, ಹುಲ್ಲು ಕತ್ತರಿಸುವ ಮಶಿನ್ ಒಂದು ಹಾಳಾಗಿ ಇನ್ನೊಂದು ಬಂತು. ಯಾವುದಕ್ಕೂ ಚರ್ಚೆ ನಡೆಯಲಿಲ್ಲ. ಫ್ರಿಜ್ ಬರಬೇಕಾದರೆ ಮಾತ್ರ ಮಗಳು ಹೈಸ್ಕೂಲು ಮುಟ್ಟಿದ್ದಳು. ಬಟ್ಟೆ ತೊಳೆಯುವ ಮಶಿನ್ ಬಂದದ್ದು ನಾನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದ ಮೇಲೆ.

ಇದರಲ್ಲಿ ನನ್ನ ತಪ್ಪೂ ಇದೆ, ಒಪ್ಪುತ್ತೇನೆ. ಹೊಸ ಸೊಸೆಯಾಗಿದ್ದಾಗ ತವರಿನವರು ಕೊಟ್ಟ ಮಿಕ್ಸರಿಗೆ ಬೇಯಿಸಿದ ಹಲಸಿನಕಾಯಿ ತೊಳೆ ತುಂಬಿ ತಿರುಗಿಸಿಬಿಟ್ಟೆ. ಹಪ್ಪಳದ ಹಿಟ್ಟನ್ನು ಒರಳಿನಲ್ಲಿ ಒನಕೆಯಿಂದ ಕುಟ್ಟುವುದು ತಪ್ಪಲಿ ಎಂಬ ಬುದ್ಧಿವಂತಿಕೆ. ಅಂಟು ಹಿಟ್ಟು ಬ್ಲೇಡನ್ನು ಕಚ್ಚಿ ಹಿಡಿಯಿತು, ಮಿಕ್ಸರ್ ಹೊಗೆ ಬಿಟ್ಟು ತಣ್ಣಗಾಯಿತು. ಅಲ್ಲಿಂದಾಚೆ ಅಡುಗೆಮನೆಗೆ ಏನು ಕೇಳಿದರೂ ಯಜಮಾನರದ್ದು ಒಂದೇ ಮಾತು: “ಮಿಕ್ಸರ್ ಸುಟ್ಟಿದ್ದು ಮರತ್ಹೋತಾ?”

ಬೇಸಿಗೆಯ ಹಪ್ಪಳದ ಕೆಲಸ ನಮ್ಮ ಕೇರಿಯಲ್ಲಿ ಮುಯ್ಯಿಗೆ ನಡೆಯುತ್ತದೆ. ಇಂದು ನಾನು ಅವರ ಮನೆಗೆ ಹೋದರೆ ನಾಳೆ ಅವರು ನಮ್ಮ ಮನೆಗೆ. ಕುಟ್ಟುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಎರಡು ವರ್ಷದ ಹಿಂದೆ ಬಲ ಭುಜ ಮೇಲೇಳದಾಯಿತು. ಒನಕೆಯನ್ನೂ ಹಪ್ಪಳ ಒತ್ತುವ ಮಣೆಯನ್ನೂ ಮುಟ್ಟಕೂಡದು ಎಂದರು ಶಿರಸಿಯ ಡಾಕ್ಟರು. ಆ ಬೇಸಿಗೆ ನಾನು ಯಾರ ಮನೆಗೂ ಹೋಗಲಿಲ್ಲ. ಹೋಗದ ಮೇಲೆ ಕರೆಯಲು ಮುಖವೆಲ್ಲಿ? ಕೆಳಗಿನ ಮನೆಯಲ್ಲಿ ಎಲ್ಲರೂ ಸೇರಿ ನಗುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಪೇಟೆಯಿಂದ ತಂದ ಹಪ್ಪಳ ಕರಿಯುತ್ತ ಕಣ್ಣೀರು ಹಾಕಿದೆ.

ಮರುವರ್ಷ ಶಿರಸಿಯ ಅಂಗಡಿಯೊಂದರಲ್ಲಿ ತೊಳೆ ಅರೆಯುವ ಮಶಿನ್ ನೋಡಿದೆ. ಮೇಲಿನಿಂದ ಬೆಂದ ತೊಳೆ ಹಾಕಿದರೆ ಬದಿಯಿಂದ ಹಿಟ್ಟು ಬರುತ್ತದೆ. ಮನೆಗೆ ಬಂದು ಹೇಳಿದೆ. ಯಜಮಾನರು ಮಿಕ್ಸರಿನ ಪುರಾಣ ತೆಗೆಯುವಷ್ಟರಲ್ಲಿ ಒಳಗಿನಿಂದ ನಮ್ಮತ್ತೆಯ ದನಿ ಬಂತು. ಫ್ರಿಜ್ ಬಂದಾಗ ಮೂರು ದಿನ ಅದರ ಕಡೆ ತಿರುಗಿಯೂ ನೋಡದಿದ್ದವರು ಅವರು.

“ನಿನ್ನ ಹುಲ್ಲು ಕೊಯ್ಯ ಮಶಿನ್ನೂ ಸುಟ್ಟೋಯ್ದು. ಆನು ಎಂತಾರೂ ಹೇಳಿದ್ನಾ? ನಾಳೆ ಹೋಗಿ ತಗಂಡು ಬಾ.”

ತಂದರು. ಮೊದಲ ದಿನ ಅದನ್ನು ಕೆಳಗಿನ ಮನೆಗೇ ಒಯ್ದೆವು. ಅರ್ಧ ದಿನದ ಕುಟ್ಟುವ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಆಗ ಒಬ್ಬಾಕೆ, ಮಶಿನ್ ಬಂದರೆ ಮುಯ್ಯಿ ಬಂದ ಹಾಗಾಗುತ್ತದೆಯೇ, ಬೆವರಿಲ್ಲದ ಕೆಲಸಕ್ಕೆ ಮುಯ್ಯಿ ಎಲ್ಲಿಂದ ಎಂದು ರಾಗ ಎಳೆದಳು. ಇವರು ಒಪ್ಪದಿದ್ದರೆ ಈ ವರ್ಷವೂ ಪೇಟೆಯ ಹಪ್ಪಳವೇ ನನಗೆ ಗತಿ.

ಕೆಳಗಿನ ಮನೆಯ ಅಕ್ಕ ಹಿಟ್ಟನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಅವಳಿಗೆ ಸಣ್ಣ ನಾರು ಸಿಕ್ಕರೂ ಸಾಕು, ಹಿಟ್ಟು ಮತ್ತೆ ಒರಳಿಗೆ.

“ನಾರಿಲ್ಲೆ,” ಎಂದಳು. “ನಾಕು ಜನರ ಕೆಲಸ ಮಾಡಿದ್ದು ಇದು. ಯಂಗ ನಾಕು ಜನ ಇವಳ ಮನೆಗೆ ಹೋಗಕ್ಕು.”

ಆ ತಿಂಗಳು ಮಶಿನ್ ಐದು ಮನೆ ತಿರುಗಿತು. ಹೊತ್ತವರು ಯಜಮಾನರು. ಮೊದಲ ಮನೆಗೆ ಗೊಣಗುತ್ತ ಹೋದರು. ಮೂರನೆಯ ಮನೆಯಲ್ಲಿ ಚಹಾ ಕುಡಿಯುತ್ತ, ಇಂಥ ಮಶಿನ್ ಆರಿಸಲು ಕಣ್ಣು ಬೇಕು ಎಂದು ಹೇಳುತ್ತಿದ್ದರಂತೆ. ಹೇಳಿಕೊಳ್ಳಲಿ, ಪಾಪ.

ನಮ್ಮ ಮನೆಯ ಸರದಿ ಬಂದ ಬೆಳಿಗ್ಗೆ, ನಾನು ನಾಲ್ಕು ಮಂದಿಗೆಂದು ಅವಲಕ್ಕಿ ಕಲೆಸಿದ್ದೆ. ಬಂದವರು ಹನ್ನೊಂದು ಮಂದಿ, ತಮ್ಮ ತಮ್ಮ ಮಣೆ ಹಿಡಿದುಕೊಂಡೇ ಬಂದಿದ್ದರು. ಅಭ್ಯಾಸ ಬಲದಿಂದ ನಾನೂ ಒಂದು ಮಣೆಗೆ ಕೈ ಹಾಕಿದೆ. ಅಕ್ಕ ಅದನ್ನು ಕಿತ್ತುಕೊಂಡು ಬದಿಗಿಟ್ಟಳು.

“ನಿನ್ನ ಪಾಲಿಂದು ಮುಗದ್ದು. ಕೂತ್ಗ ಇಲ್ಲಿ.”

ಕುಳಿತೆ. ಹನ್ನೊಂದು ಜನರ ನಟ್ಟ ನಡುವೆ, ಕೈಯಾಡಿಸದೆ, ಬಾಯಿ ತುಂಬ ಮಾತಾಡುತ್ತ, ಜಂಬದಿಂದಲೇ ಕುಳಿತೆ.